ಹೊಸ ಮದ್ದು ಪೋಡಿಗೆ ಬರುವ ದಾರಿ

1987ರಲ್ಲಿ ಯಳಂದೂರು ತಾಲ್ಲೂಕಿನಲ್ಲಿ ಸಾವಿರ ಜನರಲ್ಲಿ 21ಕ್ಕೂ ಹೆಚ್ಚು ಮಂದಿಗೆ ಕುಷ್ಠರೋಗವಿತ್ತು. 2005ರ ಹೊತ್ತಿಗೆ ಅದು ಸಾವಿರಕ್ಕೆ ಒಂದಕ್ಕಿಂತಲೂ ಬಹಳ ಕೆಳಗೆ, 0.28ಕ್ಕೆ ಇಳಿದಿತ್ತು. ಹದಿನೆಂಟು ವರ್ಷಗಳಲ್ಲಿ ಒಂದು ಪುಟ್ಟ ತಾಲ್ಲೂಕು ಕಂಡ ಈ ಬದಲಾವಣೆ ಕರ್ನಾಟಕದ ವೈದ್ಯಕೀಯ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕಾದದ್ದು. ಯಳಂದೂರಿನ ಶಾಲಾ ಮಕ್ಕಳಿಗಾದರೂ ಇದನ್ನು ಹೇಳಿಕೊಡಬೇಕಿತ್ತು.

ಮದ್ದು ಹೊರಗಿನಿಂದ ಬಂದದ್ದು ನಿಜ. ಡ್ಯಾಪ್ಸೋನ್ ಎಂಬ ಒಂದೇ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿಸುತ್ತಿದ್ದ ಕಾಲದಲ್ಲಿ ರೋಗಾಣು ಅದಕ್ಕೆ ಜಗ್ಗದಂತಾಗಿತ್ತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ರಿಫಾಂಪಿಸಿನ್, ಕ್ಲೊಫಾಜಿಮಿನ್ ಮತ್ತು ಡ್ಯಾಪ್ಸೋನನ್ನು ಕೂಡಿಸಿ ಕೊಡಬೇಕೆಂದು ಶಿಫಾರಸು ಮಾಡಿದರು. ಅದೇ ವರ್ಷ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ್ದರು. ಬೆಟ್ಟದ ಕೆಳಗಿನ ಊರುಗಳಲ್ಲಿ ಕುಷ್ಠದ ಹಾವಳಿಯನ್ನು ಕಂಡು 1986ರಲ್ಲಿ ಕರುಣಾ ಟ್ರಸ್ಟ್ ಶುರುಮಾಡಿದರು. ಕಾರ್ಯಕರ್ತರು ಮನೆಮನೆಗೆ ಹೋಗಿ, ಬಿಳಿಚಿದ ಮಚ್ಚೆ ಇದೆಯೇ, ಮುಟ್ಟಿದರೆ ಗೊತ್ತಾಗದಷ್ಟು ಚರ್ಮ ಜೋಮು ಹಿಡಿದಿದೆಯೇ ಎಂದು ನೋಡಿದರು. ತಿಂಗಳ ರಿಫಾಂಪಿಸಿನ್ ಅನ್ನು ಕಣ್ಣೆದುರಿಗೇ ನುಂಗಿಸಬೇಕು, ಮಿಕ್ಕ ಗುಳಿಗೆಗಳು ತಪ್ಪದಂತೆ ನೋಡಿಕೊಳ್ಳಬೇಕು. ರೋಗ ಬಚ್ಚಿಟ್ಟುಕೊಂಡವರ ನಾಚಿಕೆ, ಊರಿನವರ ಹೆದರಿಕೆ ಎರಡನ್ನೂ ಮಾತಿನಿಂದಲೇ ಕರಗಿಸಬೇಕು. ಪ್ರಯೋಗಾಲಯದಲ್ಲಿ ಮುಗಿದಂತೆ ಕಂಡ ಸಂಶೋಧನೆಯ ಉಳಿದ ಅರ್ಧ ಭಾಗ ಯಳಂದೂರಿನ ಓಣಿಗಳಲ್ಲಿ ನಡೆಯಿತು.

ಈ ಹಳೆಯ ಕಥೆಯನ್ನು ಈಗ ನೆನೆಯಲು ಕಾರಣವಿದೆ. ಅದೇ ತಾಲ್ಲೂಕಿನ ಬೆಟ್ಟದ ಮೇಲಿನ ಒಂದು ಕಾಯಿಲೆಗೆ ಈ ಶತಮಾನದ ಅತಿ ಬೆರಗಿನ ಚಿಕಿತ್ಸೆ ಸಿದ್ಧವಾಗಿದೆ.

ಆ ಕಾಯಿಲೆ ಸಿಕಲ್ ಸೆಲ್, ಕನ್ನಡದಲ್ಲಿ ಕುಡುಗೋಲು ಕಣ ರಕ್ತಹೀನತೆ. ದುಂಡಗಿದ್ದು ಮೆತ್ತಗೆ ಹರಿಯಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಗಟ್ಟಿಯಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಕ್ತ ಮುಂದೆ ಹೋಗದೆಡೆ ಮೂಳೆ, ಎದೆ, ಹೊಟ್ಟೆ ತಡೆಯಲಾರದಷ್ಟು ನೋಯುತ್ತವೆ. ಎಳೆಯ ಮಕ್ಕಳ ಕೈಕಾಲು ಬೆರಳು ಊದಿಕೊಳ್ಳುತ್ತವೆ. ಗುಲ್ಮ ಹಾಳಾಗಿ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ರೋಗ. ಒಬ್ಬರಿಂದ ಬಂದರೆ ಆ ವ್ಯಕ್ತಿ ವಾಹಕ ಅಷ್ಟೆ, ಆರೋಗ್ಯವಾಗಿಯೇ ಇರುತ್ತಾನೆ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ರೋಗವಿರುವ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಲೇರಿಯಾ ಇದ್ದ ಕಾಡುಸೀಮೆಗಳಲ್ಲಿ ವಾಹಕರು ಹೆಚ್ಚು ಬದುಕಿ ಉಳಿದದ್ದರಿಂದ ಆ ಜೀನ್ ತಲೆಮಾರುಗಳುದ್ದಕ್ಕೂ ಉಳಿದು ಬಂತು.

ವಿಜ್ಞಾನಕ್ಕೆ ಈ ರೋಗದ ಪರಿಚಯ ಹೊಸದಲ್ಲ. ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ಇದನ್ನು ದಾಖಲಿಸಿದ್ದು 1910ರಲ್ಲಿ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷ ಇರುವುದು ಹಿಮೋಗ್ಲೋಬಿನ್ ಅಣುವಿನಲ್ಲಿ ಎಂದು ತೋರಿಸಿದರು. ಒಂದು ರೋಗದ ಬೇರನ್ನು ಒಂದು ಅಣುವಿನಲ್ಲಿ ಗುರುತಿಸಿದ್ದು ಅದೇ ಮೊದಲು. 1956–57ರಲ್ಲಿ ವರ್ನನ್ ಇಂಗ್ರಾಂ ಇನ್ನೂ ಒಳಹೊಕ್ಕು, ಆ ಪ್ರೊಟೀನಿನ ಸರಪಳಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದನ್ನು ಹಿಡಿದರು. ಭಾರತದ ಮಟ್ಟಿಗಂತೂ ಈ ಕಥೆ ನಮ್ಮ ಬೆಟ್ಟಗಳ ಪಕ್ಕದಲ್ಲೇ ಶುರುವಾಗುತ್ತದೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಶ್ ಎಂಬ ಇಬ್ಬರು ಸಂಶೋಧಕರು ಈ ದೇಶದಲ್ಲಿ ಮೊದಲ ಬಾರಿಗೆ ಈ ಗುಣವನ್ನು ಕಂಡದ್ದು ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ. ಚಾಮರಾಜನಗರ ಜಿಲ್ಲೆಯ ಗಡಿಗೆ ನೀಲಗಿರಿ ಎಷ್ಟು ಹತ್ತಿರ ಎಂಬುದು ಇಲ್ಲಿನವರಿಗೆ ಗೊತ್ತು. ಸೋಲಿಗರಲ್ಲೂ ಈ ರೋಗ ಇರುವುದನ್ನು ಬಿಳಿಗಿರಿರಂಗನ ಬೆಟ್ಟದ ಆಸ್ಪತ್ರೆ ದಶಕಗಳಿಂದ ಕಾಣುತ್ತ ಬಂದಿದೆ.

ಅಲ್ಲಿಂದ ಚಿಕಿತ್ಸೆಯವರೆಗಿನ ಹಾದಿ ಉದ್ದವಾಯಿತು. ಗರ್ಭದಲ್ಲಿರುವ ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು. ಹುಟ್ಟಿದ ಕೆಲವು ತಿಂಗಳಲ್ಲಿ ದೇಹ ಅದರ ತಯಾರಿಯನ್ನು ನಿಲ್ಲಿಸಿ ದೊಡ್ಡವರ ಹಿಮೋಗ್ಲೋಬಿನ್ ಮಾಡತೊಡಗುತ್ತದೆ. ಆ ನಿಲುಗಡೆಯನ್ನು ನಡೆಸುವುದರಲ್ಲಿ ಬಿಸಿಎಲ್11ಎ ಎಂಬ ಜೀನಿನ ಕೈವಾಡವಿದೆ ಎಂದು 2008ರಲ್ಲಿ ಗೊತ್ತಾಯಿತು. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮಾನ್ಯುಯೆಲ್ ಶಾರ್ಪಾಂಟಿಯೆ ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು ಲೋಕದ ಮುಂದಿಟ್ಟರು. 2020ರಲ್ಲಿ ಅವರಿಗೆ ನೊಬೆಲ್ ಬಂತು. ಎರಡೂ ಸೇರಿ ಹುಟ್ಟಿದ ಚಿಕಿತ್ಸೆಯೇ ಕ್ಯಾಸ್ಜೆವಿ. ರೋಗಿಯ ಆಕರಕೋಶಗಳನ್ನು ಹೊರತೆಗೆದು, ಬಿಸಿಎಲ್11ಎ ಜೀನಿನ ಚಾಲಕ ಭಾಗವನ್ನು ಕತ್ತರಿಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ದೇಹ ಮತ್ತೆ ಶಿಶುವಿನ ಹಿಮೋಗ್ಲೋಬಿನ್ ತಯಾರಿಸತೊಡಗುತ್ತದೆ, ಕಣಗಳು ಬಾಗುವುದು ನಿಲ್ಲುತ್ತದೆ. 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟವು. ವರ್ಷಗಟ್ಟಲೆ ನೋವಿನಿಂದ ಆಸ್ಪತ್ರೆ ಸೇರುತ್ತಿದ್ದವರು ಅದಿಲ್ಲದೆ ಬದುಕುತ್ತಿದ್ದಾರೆ.

ಅಮೆರಿಕದಲ್ಲಿ ಇದರ ಬೆಲೆ ಒಬ್ಬ ರೋಗಿಗೆ 22 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ.

ಬೆಲೆಯ ಈ ಗೋಡೆಯನ್ನು ಒಡೆಯುವ ಪ್ರಯತ್ನ ನಮ್ಮಲ್ಲೇ ನಡೆದಿದೆ ಎಂಬುದು ಸಂತೋಷದ ಸಂಗತಿ. ದೆಹಲಿಯ ಸಿಎಸ್‌ಐಆರ್–ಐಜಿಐಬಿ ವಿಜ್ಞಾನಿಗಳು ರೂಪಿಸಿದ ಕ್ರಿಸ್ಪರ್ ಚಿಕಿತ್ಸೆಯನ್ನು ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಬಿರ್ಸಾ ಮುಂಡಾ ನೆನಪಿಗೆ ಅದಕ್ಕೆ ‘ಬಿರ್ಸಾ 101’ ಎಂದು ಹೆಸರಿಟ್ಟಿದ್ದಾರೆ, ತಯಾರಿಕೆಗೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಜೊತೆಯಾಗಿದೆ. ಬುಡಕಟ್ಟುಗಳ ರೋಗಕ್ಕೆ ಬುಡಕಟ್ಟಿನ ನಾಯಕನ ಹೆಸರು ಒಪ್ಪುವಂಥದ್ದೇ. ಆದರೆ ಹೆಸರಿನ ಗೌರವ ಉಳಿಯುವುದು ಆ ಮದ್ದು ಬೆಟ್ಟ ಹತ್ತಿದಾಗ. ಚಿಕಿತ್ಸೆ ಪುಕ್ಕಟೆಯಾಗಿಯೇ ಬಂತೆನ್ನಿ. ಆಗಲೂ ಹಳೆಯ ಅಸ್ಥಿಮಜ್ಜೆಯನ್ನು ಕೀಮೋಥೆರಪಿಯಿಂದ ಬರಿದು ಮಾಡಿ, ಸೋಂಕು ತಗಲದ ವಾರ್ಡಿನಲ್ಲಿ ವಾರಗಟ್ಟಲೆ ಇರಿಸಿ ನೋಡಿಕೊಳ್ಳಬೇಕು. ಆ ಕುಟುಂಬ ಕೂಲಿ ಬಿಟ್ಟು ಅಷ್ಟು ದಿನ ನಗರದಲ್ಲಿ ಇರುವುದು ಹೇಗೆ ಎಂಬುದನ್ನೂ ಯೋಜನೆಯಲ್ಲೇ ಬರೆಯಬೇಕು.

ಅದಕ್ಕಿಂತ ಮೊದಲೇ ಆಗಬೇಕಾದ, ಇವತ್ತೇ ಆಗಬಹುದಾದ ಕೆಲಸ ಇದೆ. ಹೈಡ್ರಾಕ್ಸಿಯೂರಿಯಾ ಎಂಬ ಅಗ್ಗದ ಕ್ಯಾಪ್ಸೂಲು ಜೀನ್ ಕತ್ತರಿ ಮಾಡುವ ಕೆಲಸವನ್ನೇ ಒಂದಷ್ಟು ಮಟ್ಟಿಗೆ ಮಾಡುತ್ತದೆ: ಶಿಶುವಿನ ಹಿಮೋಗ್ಲೋಬಿನ್ ಪ್ರಮಾಣವನ್ನು ಹೆಚ್ಚಿಸಿ ನೋವಿನ ಸರದಿಯನ್ನು ಕಡಿಮೆ ಮಾಡುತ್ತದೆ. ಅಮೆರಿಕ ಅದನ್ನು ಈ ರೋಗಕ್ಕೆಂದು ಒಪ್ಪಿ 1998ಕ್ಕೇ ಆಯಿತು. ಎಳೆಯ ಮಕ್ಕಳಿಗೆ ದಿನಾ ಪೆನಿಸಿಲಿನ್ ಕೊಟ್ಟರೆ ಸೋಂಕಿನ ಸಾವು ತಪ್ಪುತ್ತದೆ ಎಂಬುದು 1986ರಲ್ಲೇ ಸಾಬೀತಾಗಿದೆ. ಇವೆರಡನ್ನೂ ಕೊಡಬೇಕಾದರೆ ರೋಗ ಯಾರಿಗಿದೆ ಎಂದು ಬೇಗ ಗೊತ್ತಾಗಬೇಕು. ಆರು ತಿಂಗಳೊಳಗಿನ ಮಗುವಿನ ರಕ್ತದಲ್ಲಿ ಶಿಶು ಹಿಮೋಗ್ಲೋಬಿನ್ ತುಂಬಿರುವುದರಿಂದ ಶಿಬಿರಗಳಲ್ಲಿ ಮಾಡುವ ಸರಳ ಪರೀಕ್ಷೆ ನಂಬಿಕೆಗೆ ಬರುವುದಿಲ್ಲ. ಹಿಮ್ಮಡಿಯ ಒಂದು ಹನಿ ರಕ್ತವನ್ನು ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿಯಂಥ ಯಂತ್ರದಲ್ಲಿ ನೋಡಬೇಕು. ಇದನ್ನು ಮಾಡದಿದ್ದರೆ ಆ ಮಗುವಿನ ನೋವು ವಾತದ ನೋವು ಎನಿಸಿಕೊಳ್ಳುತ್ತದೆ, ಕಣ್ಣು ಬಿಳಿಚಿದ್ದಕ್ಕೆ ಕಬ್ಬಿಣದ ಗುಳಿಗೆ ಸಿಗುತ್ತದೆ, ರೋಗ ತನ್ನ ಪಾಡಿಗೆ ಬೆಳೆಯುತ್ತದೆ.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2047ರ ಗುರಿ ಇಟ್ಟುಕೊಂಡು ಏಳು ಕೋಟಿ ಜನರ ತಪಾಸಣೆಗೆ ಹೊರಟಿದೆ. ಅದರಲ್ಲಿ ಸೇರಿದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ತಪಾಸಣೆಯ ಲೆಕ್ಕವನ್ನು ಮುಟ್ಟುವುದು ಸುಲಭ, ಕಾರ್ಡು ಹಂಚುವುದೂ ಸುಲಭ. ‘ನೀನು ವಾಹಕ’ ಎಂಬ ಕಾರ್ಡು ಕೈಗಿಟ್ಟು, ಅದರ ಅರ್ಥವನ್ನು ಕೂತು ಹೇಳದೆ ಹೊರಟುಹೋದರೆ ಆ ಹುಡುಗಿಗೆ ಗಂಡು ಸಿಗುವುದೇ ಕಷ್ಟವಾಗಬಹುದು. ತಪಾಸಣೆ ನಡೆದ ಪೋಡಿನಲ್ಲಿ, ಅಂದರೆ ಸೋಲಿಗರ ಹಾಡಿಯಲ್ಲಿ, ಕ್ಯಾಪ್ಸೂಲು ಇರಲೇಬೇಕು, ಅದನ್ನು ನುಂಗುವವರ ರಕ್ತಕಣಗಳನ್ನು ಆಗಾಗ ಎಣಿಸುವ ಏರ್ಪಾಡೂ ಇರಬೇಕು. ಎರಡೂ ಇಲ್ಲದ ಕಡೆ ರಕ್ತ ತೆಗೆಯುವುದು ಆ ಜನರಿಗೆ ಮಾಡುವ ಅನ್ಯಾಯ.

ಕಂಡುಹಿಡಿದದ್ದಕ್ಕೂ ಕೈಗೆ ಸಿಕ್ಕಿದ್ದಕ್ಕೂ ನಡುವಿನ ಕಂದಕ ಎಷ್ಟು ಆಳ ಎಂಬುದನ್ನು ಈ ಜಿಲ್ಲೆ ಎರಡು ಬಾರಿ ಕಣ್ಣೀರಿನಲ್ಲಿ ಅಳೆದಿದೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ತಿಂದು 17 ಮಂದಿ ಸತ್ತರು. ಆ ವಿಷಕ್ಕೆ ಅಟ್ರೋಪಿನ್ ಕೊಡಬೇಕು, ಉಸಿರಾಟದ ಯಂತ್ರ ಬೇಕು ಎಂಬುದು ವೈದ್ಯರಿಗೆ ದಶಕಗಳಿಂದ ಗೊತ್ತು. ಆದರೆ ರೋಗಿಗಳು ಕಾಮಗೆರೆ, ಕೊಳ್ಳೇಗಾಲ ದಾಟಿ ಮೈಸೂರಿನವರೆಗೆ ಹೋಗಬೇಕಾಯಿತು. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಮಂದಿ ಕೊನೆಯುಸಿರೆಳೆದರು, ಆಮ್ಲಜನಕ ಮುಗಿದಿತ್ತು. ಆಮ್ಲಜನಕವನ್ನು ಜೋಸೆಫ್ ಪ್ರೀಸ್ಟ್ಲಿ ಬೇರ್ಪಡಿಸಿ ತೋರಿಸಿದ್ದು 1774ರಲ್ಲಿ.

ಕೊಳ್ಳೇಗಾಲದ ಕಬ್ಬು, ಅರಿಸಿನದ ಹೊಲಗಳಲ್ಲಿ, ಹನೂರಿನ ರಾಗಿ, ಮುಸುಕಿನ ಜೋಳದ ನಡುವೆ ದುಡಿಯುವವರಿಗೆ ಇನ್ನೊಂದು ಸಂಶೋಧನೆ ನೇರವಾಗಿ ಸಂಬಂಧಿಸಿದ್ದು. ಹಾವು ಕಡಿತದಿಂದ ಈ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಜನ ಸತ್ತಿದ್ದಾರೆ ಎಂಬುದು ಸಂಶೋಧಕರ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ನಾವು ಇಂದಿಗೂ ಬಳಸುವ ಪ್ರತಿವಿಷದ ಮೂಲ ವಿಧಾನ 1890ರ ದಶಕದ್ದು: ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳನ್ನು ಸೋಸಿ ತೆಗೆಯುವುದು. ಅದಕ್ಕೆ ಬೇಕಾದ ವಿಷದ ಬಹುಪಾಲು ಚೆನ್ನೈ ಬಳಿಯ ಇರುಳರ ಸಹಕಾರ ಸಂಘದಿಂದ ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಅದು ತಯಾರಾದರೂ, ಒಂದೇ ಜಾತಿಯ ಹಾವಿನ ವಿಷ ಸೀಮೆಯಿಂದ ಸೀಮೆಗೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಒಂದು ಕಡೆಯ ವಿಷದಿಂದ ಮಾಡಿದ ಮದ್ದು ಇನ್ನೊಂದು ಕಡೆ ಅಷ್ಟು ಚುರುಕಾಗಿ ಕೆಲಸ ಮಾಡದಿರಲು ಇದೂ ಕಾರಣ. 2024ರಲ್ಲಿ ಇದೇ ತಂಡ ಅಮೆರಿಕ, ಬ್ರಿಟನ್ನಿನ ವಿಜ್ಞಾನಿಗಳ ಜೊತೆಗೂಡಿ, ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿದ ಮಾನವ ಪ್ರತಿಕಾಯವೊಂದನ್ನು ಪ್ರಕಟಿಸಿತು. ನಾಗರ, ಕಟ್ಟುಹಾವು, ಮಾಂಬಾಗಳ ವಿಷದಲ್ಲಿರುವ ಒಂದು ಮುಖ್ಯ ನರವಿಷವನ್ನು ಅದು ಇಲಿಗಳಲ್ಲಿ ತಡೆಯಿತು. ಮನುಷ್ಯರ ಮದ್ದಾಗಲು ವರ್ಷಗಳು ಬೇಕು, ಮಂಡಲದ ಹಾವುಗಳ ವಿಷಕ್ಕೆ ಬೇರೆ ಪ್ರತಿಕಾಯಗಳೂ ಬೇಕು.

ಅಷ್ಟರಲ್ಲಿ ಮಾಡಬಹುದಾದದ್ದು ಏನು? ಒಂದು ಒಣಗಿದ ಶುಚಿಯಾದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು ಇಪ್ಪತ್ತು ನಿಮಿಷ ಅಲುಗಾಡಿಸದೆ ಇಟ್ಟು, ಆಮೇಲೆ ಬಗ್ಗಿಸಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ಪ್ರತಿವಿಷ ಶುರುಮಾಡಬೇಕು. ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಇದು ಸಾಧ್ಯ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ. ವರದಿಯಾದ ಊರುಗಳ ಪಟ್ಟಿ ನೋಡಿ ಪ್ರತಿವಿಷದ ಬಾಟಲಿಗಳನ್ನು ರಾಮಾಪುರ, ಲೊಕ್ಕನಹಳ್ಳಿ, ಮಹದೇಶ್ವರ ಬೆಟ್ಟದಂಥ ಕಡೆ ಮೊದಲೇ ಇರಿಸಿದರೆ ಆ ವರದಿ ಸಾರ್ಥಕ. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್ ತಿರುವಿನ ರಸ್ತೆ. ಅದಕ್ಕೂ ಮೊದಲು ಕಾಡಿನೊಳಗಿನ ಹಳ್ಳಿಗಳಿಂದ ಬಸುರಿಯರನ್ನೂ ಕಾಯಿಲೆಯವರನ್ನೂ ಡೋಲಿ ಕಟ್ಟಿ ಹೊತ್ತು ತಂದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಆ ಹಳ್ಳಿಗಳ ಮಾತು ಬಂದಾಗ ಬ್ಯಾಟರಿಯ ಸಂಶೋಧನೆಯನ್ನೂ ನೆನೆಯಬೇಕು. ತಂತಿ ಎಳೆಯುವುದು ಕಷ್ಟವಾದ ಕಾಡಿನಲ್ಲಿ ಸೌರ ಫಲಕವೇ ಬೆಳಕಿನ ದಾರಿ. ಫಲಕ ಬಹುಕಾಲ ಬಾಳುತ್ತದೆ, ಜೊತೆಗಿರುವ ಸೀಸದ ಬ್ಯಾಟರಿ ಕೆಲವೇ ವರ್ಷಕ್ಕೆ ಕೈಕೊಡುತ್ತದೆ. ಲಿಥಿಯಂ ಬ್ಯಾಟರಿಗೆ ಬೇಕಾದ ಲೋಹ ನಮ್ಮಲ್ಲಿ ಅಪರೂಪ. ಪಕ್ಕದ ಮಂಡ್ಯ ಜಿಲ್ಲೆಯ ಮರಳಗಾಲ ಸೀಮೆಯಲ್ಲಿ ಸಿಕ್ಕಿದೆ ಎಂದು ಸುದ್ದಿಯಾದದ್ದು ಅಂದಾಜು 1,600 ಟನ್ ಮಾತ್ರ. ಉಪ್ಪಿನಲ್ಲೇ ಇರುವ ಸೋಡಿಯಂ ಹಾಗಲ್ಲ, ಎಲ್ಲೆಲ್ಲೂ ಇದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುವ, 3,000ಕ್ಕೂ ಹೆಚ್ಚು ಬಾರಿ ತುಂಬಿಸಬಲ್ಲ ಸೋಡಿಯಂ ಅಯಾನ್ ಬ್ಯಾಟರಿಯನ್ನು ತಯಾರಿಸಿರುವುದಾಗಿ 2025ರಲ್ಲಿ ಸುದ್ದಿಯಾಯಿತು. ಇಂಥ ಬ್ಯಾಟರಿಯ ಮೊದಲ ಪರೀಕ್ಷೆಗಳು ನಗರದ ಸ್ಕೂಟರುಗಳಲ್ಲೇ ಏಕೆ ನಡೆಯಬೇಕು? ಕಾಡಂಚಿನ ಆರೋಗ್ಯ ಉಪಕೇಂದ್ರದ ಲಸಿಕೆ ಪೆಟ್ಟಿಗೆಗೂ ಹೆರಿಗೆ ಕೋಣೆಯ ದೀಪಕ್ಕೂ ಅದರ ಅಗತ್ಯ ಹೆಚ್ಚು.

ಇಷ್ಟೆಲ್ಲ ಓದಿದವರಿಗೆ ವಿಜ್ಞಾನ ಎಂದರೆ ಹೊರಗಿನಿಂದ ಬೆಟ್ಟಕ್ಕೆ ಬರುವಂಥದ್ದು ಎನಿಸಬಹುದು. ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಬೆಟ್ಟದಿಂದ ಹೊರಕ್ಕೂ ಹೋಗಿದೆ. ಕಾಡಿನಲ್ಲಿ ಲಂಟಾನ ಹಬ್ಬಿದ್ದಕ್ಕೆ ಸೋಲಿಗರ ಹಿರಿಯರು ಕೊಟ್ಟ ಕಾರಣ ಸರಳ: ಬೇಸಿಗೆ ಏರುವ ಮೊದಲು ಹಾಕುತ್ತಿದ್ದ ತರಗು ಬೆಂಕಿಯನ್ನು ನಿಲ್ಲಿಸಿದ್ದು. ನೆಲ್ಲಿ ಮರಗಳನ್ನು ಕೊಲ್ಲುತ್ತಿರುವುದು ಉಪ್ಪಿಲು ಎಂಬ ಬಂದಳಿಕೆ, ಅದನ್ನು ಹತೋಟಿಯಲ್ಲಿಟ್ಟಿದ್ದೂ ಅದೇ ಬೆಂಕಿ ಎಂದೂ ಅವರು ಹೇಳಿದರು. 1974ರಲ್ಲಿ ವನ್ಯಧಾಮವಾದ ಮೇಲೆ ಬೆಂಕಿ ಅಪರಾಧವಾಯಿತು. ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಅದೇ ಕಾಡಿನ ಜಾಗಗಳನ್ನು 1997ರಲ್ಲೊಮ್ಮೆ, 2008ರಲ್ಲೊಮ್ಮೆ ಅಳೆದಾಗ ಲಂಟಾನ ಕಂಡುಬಂದ ಜಾಗಗಳ ಪಾಲು ಸುಮಾರು ಎರಡರಷ್ಟಾಗಿತ್ತು. ಉಪ್ಪಿಲಿನ ಬಗ್ಗೆ ಸೋಲಿಗರು ಹೇಳಿದ್ದೂ 2010ರಲ್ಲಿ ಅಂತರರಾಷ್ಟ್ರೀಯ ನಿಯತಕಾಲಿಕದಲ್ಲಿ ಚರ್ಚೆಯಾಯಿತು. ಪಿಎಚ್‌.ಡಿ. ಪಡೆದ ಮೊದಲ ಸೋಲಿಗರಾದ ಡಾ. ಸಿ. ಮಾದೇಗೌಡ ಇಂಥ ಅಧ್ಯಯನಗಳಲ್ಲಿ ಸಹಲೇಖಕರು. 2011ರಲ್ಲಿ ಇಲ್ಲಿನ ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಾಗ, ಹುಲಿ ಮೀಸಲು ಪ್ರದೇಶವೊಂದರಲ್ಲಿ ದೇಶದಲ್ಲೇ ಅದು ಮೊದಲನೆಯದಾಗಿತ್ತು. ಬೆಟ್ಟದಲ್ಲಿ ಸಿಕ್ಕ ಒಂದು ಕಣಜದ ಕುಲಕ್ಕೇ ಏಟ್ರೀ ವಿಜ್ಞಾನಿಗಳು ‘ಸೋಲಿಗ’ ಎಂದು ಹೆಸರಿಟ್ಟಿದ್ದಾರೆ.

ಕಾಡಿನ ವಿಚಾರದಲ್ಲಿ ಸಿಕ್ಕ ಈ ಸಹಲೇಖಕರ ಸ್ಥಾನ ರಕ್ತದ ವಿಚಾರದಲ್ಲೂ ಸಿಗಬೇಕು. ಜೀನ್ ಚಿಕಿತ್ಸೆಯ ಪ್ರಯೋಗಗಳು ವಿಸ್ತರಿಸಿದಂತೆ ಬುಡಕಟ್ಟಿನ ರೋಗಿಗಳನ್ನು ಹುಡುಕಿಕೊಂಡು ಸಂಶೋಧಕರು ಬರುತ್ತಾರೆ. ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವ ಕಾಲ ಮುಗಿಯಬೇಕು. ಕೀಮೋಥೆರಪಿಯಿಂದ ಮಕ್ಕಳಾಗದೆ ಹೋಗುವ ಅಪಾಯ ಇದೆ ಎಂಬುದನ್ನು ಅವರ ನುಡಿಯಲ್ಲಿ, ಅವರ ಪೋಡಿನ ಹಿರಿಯರ ಎದುರು, ಬಿಡಿಸಿ ಹೇಳಬೇಕು. ಬೇಡ ಎನ್ನುವ ಹಕ್ಕು ಅವರದು. ತೆಗೆದುಕೊಂಡ ರಕ್ತದಿಂದ ಏನು ತಿಳಿಯಿತು ಎಂಬ ವರದಿ ಮೊದಲು ಅವರ ಕೈಗೆ, ಕನ್ನಡದಲ್ಲಿ ಬರಬೇಕು.

ಜಿಲ್ಲಾಡಳಿತಕ್ಕೆ, ರಾಜ್ಯದ ಆರೋಗ್ಯ ಇಲಾಖೆಗೆ ಕೇಳುವುದು ದೊಡ್ಡದೇನಲ್ಲ. ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ರಕ್ತ ನೋಡುವ ಒಂದು ಎಚ್‌ಪಿಎಲ್‌ಸಿ ಯಂತ್ರ, ಅದನ್ನು ನಡೆಸಬಲ್ಲ ಕಾಯಂ ತಂತ್ರಜ್ಞರು. ಬಿಳಿಗಿರಿರಂಗನ ಬೆಟ್ಟದಿಂದ ಮಹದೇಶ್ವರ ಬೆಟ್ಟದವರೆಗೆ ಸೋಲಿಗರ ಪೋಡುಗಳಿಗೆ ಹತ್ತಿರವಿರುವ ಪ್ರತಿ ಆರೋಗ್ಯ ಕೇಂದ್ರದಲ್ಲೂ ವರ್ಷದ ಹನ್ನೆರಡು ತಿಂಗಳೂ ಮುಗಿಯದ ಹೈಡ್ರಾಕ್ಸಿಯೂರಿಯಾ, ಪೆನಿಸಿಲಿನ್ ಮತ್ತು ಪ್ರತಿವಿಷದ ದಾಸ್ತಾನು. ಮನೆಮನೆಗೆ ಹೋಗಿ ವಿಚಾರಿಸಲು ಸೋಲಿಗ ಯುವಕ ಯುವತಿಯರಿಗೇ ತರಬೇತಿ, ಸಂಬಳ. ಕುಷ್ಠದ ಕಾಲದಲ್ಲಿ ಯಳಂದೂರಿನ ಓಣಿಗಳಲ್ಲಿ ಸುತ್ತಿದ ಕಾರ್ಯಕರ್ತರ ಅನುಭವ ಈ ತರಬೇತಿಗೆ ಒದಗಬೇಕು. ಮುಂದಿನ ಬಜೆಟ್ಟಿನಲ್ಲಿ ಇದಕ್ಕೆ ಪ್ರತ್ಯೇಕ ಹಣ ಇಟ್ಟಿದೆಯೇ ಎಂದು ಈ ಭಾಗದ ಶಾಸಕರು ಸದನದಲ್ಲಿ ಎದ್ದು ಕೇಳಬೇಕು.